ಹುಳದ ಮನೆಯಿಂದ ನನ್ನ ಗಡೀಪಾರು

ನಮ್ಮೂರಿನ ಹೆಂಗಸರು ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೊರಡುವ ದಿನವನ್ನು ಗೊತ್ತು ಮಾಡಿದ್ದು ದೇವರಲ್ಲ, ಪಂಚಾಂಗವೂ ಅಲ್ಲ; ಒಂದು ಕಾರ್ಖಾನೆ. ಇಂದಿಗೂ ನೆನೆದರೆ ಮೈ ಉರಿಯುತ್ತದೆ.

ಬೈರಮಂಗಲದ ಸುತ್ತ ಹೊಲಗಳಿಗೆ ಕಾರ್ಖಾನೆಗಳ ತಂತಿಬೇಲಿ ಬೀಳುತ್ತಿದ್ದ ವರ್ಷಗಳು. ಊರಿಗಿದ್ದ ಒಂದೇ ಟೂರಿಸ್ಟ್ ಬಸ್ಸನ್ನು ಅದರ ಯಜಮಾನ ಕಾರ್ಖಾನೆಗೆ ಆಳು ಹೊರಲು ಬಿಟ್ಟಿದ್ದ. ಮೊದಲೇ ಮಾತಾಗಿದ್ದ ದಿನವನ್ನು ಹತ್ತು ದಿನ ಮುಂದಕ್ಕೆ ತಳ್ಳಿ, ನಮ್ಮ ಬಾಗಿಲಲ್ಲಿ ನಿಂತು ಹಲ್ಲು ಕಿರಿದ.

“ಏನ್ ಮಾಡ್ಲಕ್ಕ, ಫ್ಯಾಕ್ಟ್ರಿಯೋರು ರಜ ಕೊಟ್ಟಾಗ್ಲೇ ನಿಮ್ಗೂ ದೇವ್ರು ಸಿಗೋದು.”

“ಅಲ್ಲಪ್ಪ, ಆವತ್ತಿಗೆ ನಮ್ ಹುಳ ಹಣ್ಣಾಯ್ತವಲ್ಲ!”

“ಅವಕ್ಕೂ ಒಂದ್ ಸೀಟ್ ಹಾಕ್ಸನಾ?”

ರೇಷ್ಮೆ ಸಾಕದವರು ಇದನ್ನು ಕೇಳಿ ನಗಬಹುದು. ಹುಳ ನಾಲ್ಕನೇ ಸಲ ಪೊರೆ ಕಳಚಿದ ಮೇಲೆ ಒಂದು ವಾರ ಹಗಲಿರುಳೂ ಸೊಪ್ಪು ತಿನ್ನುತ್ತದೆ. ಆಮೇಲೆ ತಿನ್ನುವುದು ಬಿಟ್ಟು ಮೈ ತಿಳಿಯಾಗುತ್ತದೆ, ಅದೇ ಹಣ್ಣಾಗುವುದು. ಆ ಹೊತ್ತಿಗೆ ಒಂದೊಂದನ್ನೇ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಅವಸರ ಮಾಡಿದರೆ ಗೂಡು ತೆಳು, ತಡವಾದರೆ ನೂಲೆಲ್ಲ ಮೇಯುವ ತಟ್ಟೆಯ ಪಾಲು. ಇಪ್ಪತ್ತು ವರ್ಷದಿಂದ ಆಯುವುದು ನಾನೇ. ನನ್ನ ಬೆರಳಿಗಲ್ಲದೆ ಅದು ಇನ್ಯಾರಿಗೂ ತಿಳಿಯದು ಎಂದು ನಂಬಿದ್ದೆ. ಇದೇ ನೆಪ ಹೇಳಿ ಎರಡು ಸಲ ಯಾತ್ರೆ ತಪ್ಪಿಸಿಕೊಂಡಿದ್ದೆ ಕೂಡ. ಈ ಸಲ ನಮ್ಮತ್ತೆ ಬಿಡಲಿಲ್ಲ. “ಇನ್ನೂ ತಡ ಮಾಡುದ್ರೆ ಆ ದೇವ್ರೇ ನಿನ್ನ ಮರ್ತ್‌ಬುಡ್ತಾನೆ ಕಣಮ್ಮಿ,” ಎಂದರು.

ಹುಳಗಳನ್ನು ನನ್ನ ಓರಗಿತ್ತಿಗೆ ಒಪ್ಪಿಸುವುದು ಎಂದಾಯಿತು. ಅವಳು ಗಾರ್ಮೆಂಟ್ಸ್‌ಗೆ ಹೋಗುವವಳು, ಕಾಲರು ಹೊಲಿಯುವ ಕೈ. ಆ ಕೈಗೆ ಹುಳ ಬಿಡುವುದಾದರೂ ಹೇಗೆ! ಸೀಮೆಸುಣ್ಣದಲ್ಲಿ ಹುಳದ ಮನೆಯ ಗೋಡೆ ತುಂಬ ಬರೆದೆ: ಸೊಪ್ಪು ಹಾಕುವ ಹೊತ್ತು, ಕಿಟಕಿ ತೆರೆಯುವ ಹೊತ್ತು. ಹುಳಕ್ಕೆ ವಾಸನೆ ಆಗದು. ಆದ್ದರಿಂದ ಮಲ್ಲಿಗೆ ಮುಡಿಯಕೂಡದು, ಪೌಡರ್ ಹಾಕಕೂಡದು, ಸೊಳ್ಳೆಬತ್ತಿ ಹಚ್ಚಕೂಡದು, ಕಾಲು ತೊಳೆಯದೆ ಹೊಸಿಲು ದಾಟಕೂಡದು. ಅವಳು ಸೊಂಟದ ಮೇಲೆ ಕೈಯಿಟ್ಟು ಎಲ್ಲವನ್ನೂ ಓದಿದಳು.

“ಅಕ್ಕ, ಒಸಿ ಉಸ್ರಾಡ್‌ಬೋದಾ?”

ಹೊರಡುವ ದಿನ ಬೆಳಿಗ್ಗೆ ಹುಳದ ಮನೆ ಸದ್ದಿಲ್ಲದೆ ಕೂತಿತ್ತು. ಹುಳ ಮೇಯುವಾಗ ಜಡಿಮಳೆಯಂಥ ಸದ್ದಿರುತ್ತದೆ. ಅವತ್ತು ಕೆಳಗಿನ ಸಾಲಿನ ತಟ್ಟೆಗಳಲ್ಲಿ ಸೊಪ್ಪು ಹಾಕಿದ ಹಾಗೇ ಇತ್ತು. ಹುಳಗಳು ತಲೆಯೆತ್ತಿ ಒದ್ದಾಡುತ್ತಿದ್ದವು. ನಾನು ನೇರವಾಗಿ ಹೋಗಿ ಓರಗಿತ್ತಿಯ ತಲೆ ಮೂಸಿದೆ.

“ಏನ್ ಹಾಕಂಡಿದ್ದೀಯೆ?”

ಅವಳು ಮೂಗರಳಿಸಿ, ಬಗ್ಗಿ, ತಟ್ಟೆಯ ಸ್ಟ್ಯಾಂಡಿನ ಕೆಳಗಿಂದ ಒಂದು ಬ್ಯಾಗು ಎಳೆದಳು. ನನ್ನದೇ. ಏನು ಮರೆತೆ, ಏನು ಬಿಟ್ಟೆ ಎಂದು ಹುಳ ನೋಡಿಕೊಳ್ಳುತ್ತಲೇ ತುಂಬಿಸಲು ಎರಡು ದಿನದಿಂದ ಅಲ್ಲೇ ಇಟ್ಟುಕೊಂಡಿದ್ದೆ. ಹಿಂದಿನ ರಾತ್ರಿ ಪೆಟ್ಟಿಗೆಯಿಂದ ತೆಗೆದು ತುಂಬಿದ ಸೀರೆಗಳ ಮಡಿಕೆಯೊಳಗೆ ಬಿಳೀ ನುಸಿಗುಂಡುಗಳು ಹಾಗೇ ಇದ್ದವು.

“ಇದು ಗೋಡೆ ಮೇಲೆ ಬರ್ದಿರ್ಲಿಲ್ವಲ್ಲಕ್ಕ,” ಎಂದಳು.

ಬ್ಯಾಗು ಅಂಗಳಕ್ಕೆ ಬಿತ್ತು. ಅವಳು ಕಿಟಕಿ ತೆರೆದು, ಹಳೇ ಸೊಪ್ಪು ತೆಗೆದು ಹೊಸದು ಹರಡಿದಳು. ನಾನೂ ಕೈ ಹಾಕಲು ಹೋದರೆ ರಟ್ಟೆ ಹಿಡಿದು ಹೊಸಿಲಾಚೆ ನಿಲ್ಲಿಸಿದಳು. “ನಿಮ್ ಸೀರೇಲೂ ಅದೇ ವಾಸ್ನೆ ಐತೆ. ಒಳೀಕೆ ಬರ್ಬೇಡಿ.” ನಾನೇ ಮಾಡಿದ ಕಟ್ಟಳೆ, ನನ್ನನ್ನೇ ಹೊರಗೆ ಹಾಕಿತು! ಎಷ್ಟು ಹುಳ ಸಾಯುತ್ತವೋ ಎಂದು ಬಾಗಿಲಲ್ಲಿ ನಿಂತು ಕುದಿಯುತ್ತಿರುವಾಗಲೇ ಬಸ್ಸು ಹಾರನ್ ಹೊಡೆಯಿತು. ಅತ್ತೆ ಬೆನ್ನಿಗೆ ಕೈಯಿಟ್ಟು ತಳ್ಳಿಕೊಂಡೇ ಹೋದರು.

ಧರ್ಮಸ್ಥಳದಲ್ಲಿ ಬೂತ್ ಹುಡುಕಿ ಪಕ್ಕದ ಮನೆಗೆ ಫೋನು ಮಾಡಿ ಓರಗಿತ್ತಿಯನ್ನು ಕರೆಸಿದೆ. “ಹುಳ ಮೇಯ್ತಾ ಅವೆ. ದೇವ್ರ ನೋಡಿದ್ರಾ? ಇಲ್ವಾ? ಹಂಗಾರೆ ಇಡಿ,” ಎಂದು ಇಟ್ಟೇಬಿಟ್ಟಳು. ಸುಬ್ರಹ್ಮಣ್ಯದಲ್ಲೂ ಬೂತಿನ ಮುಂದೆ ನಿಂತೆ, ಒಳಗೆ ಹೋಗಲಿಲ್ಲ. ಬುದ್ಧಿ ಬಂತೆಂದಲ್ಲ, ಮತ್ತೆ ಬೈಸಿಕೊಳ್ಳಲು ಧೈರ್ಯ ಸಾಲಲಿಲ್ಲ. ಅಲ್ಲೇ ನದಿಗೆ ಹೋಗಿ ಕಾಲು ಇಳಿಬಿಟ್ಟು ಕೂತೆ. ಎಷ್ಟೋ ವರ್ಷವಾಗಿತ್ತು ಹಾಗೆ ಸುಮ್ಮನೆ ಕೂತು.

ಐದನೇ ದಿನ ವಾಪಸು ಬಂದಾಗ ಚಂದ್ರಿಕೆಗಳು ಜಗಲಿಗೆ ಒರಗಿದ್ದವು, ಹಳದಿ ಗೂಡು ಒತ್ತೊತ್ತಾಗಿ. ತೆಳುವಾದದ್ದು ಸಿಕ್ಕೀತೇ ಎಂದು ಅಮುಕಿ ಅಮುಕಿ ನೋಡಿದೆ. ಸಿಕ್ಕಲಿಲ್ಲ. ಖುಷಿಯಾಗಬೇಕಾದವಳಿಗೆ ಉರಿ ಹತ್ತಿತು. ಇಪ್ಪತ್ತು ವರ್ಷ ನನ್ನ ಬೆರಳು ಏನು ಮಾಡಿದ ಹಾಗಾಯಿತು? ಒಳಗೆ ಇಣುಕಿದರೆ ಗೋಡೆ ಬೋಳು.

“ಅದ್ಯಾಕೆ ಅಳಿಸ್ದೆ?”

“ಸುಣ್ಣದ ಪುಡಿ ತಟ್ಟೆಗೆ ಉದುರ್ತಿತ್ತು ಕಣಕ್ಕ.”

ಪ್ರಸಾದದ ಪೊಟ್ಟಣ ಚಾಚಿದೆ. “ಪರ್ಸಾದ ಆಮ್ಯಾಕೆ. ಒಂದ್ ತಟ್ಟೆ ಹುಳ ಹಿಂದೆ ಬಿದ್ದವೆ, ಈಗ ಹಣ್ಣಾಯ್ತಾ ಅವೆ. ಬಂದು ಆಯ್ರಿ. ಮೊದ್ಲು ಆ ಸೀರೆ ಬದ್ಲಾಯ್ಸಿ.”

ನನ್ನ ಹುಳದ ಮನೆಗೆ ನನಗೇ ಅಪ್ಪಣೆ! ಗೊಣಗುತ್ತಲೇ ಹೋಗಿ ಸೀರೆ ಬದಲಾಯಿಸಿ ಬಂದೆ. ಹೊಸಿಲ ಬಳಿ ಅವಳು ನೋಡುತ್ತಿದ್ದಳೆಂದು ಕಾಲನ್ನು ಎರಡೆರಡು ಸಲ ತೊಳೆದೆ.