ಕದಿರಯ್ಯ ಮುಟ್ಟದ ಕಣ್ಣು

ಮಧುಗಿರಿಯ ಬಂಡೆಯ ನೆತ್ತಿಗೆ ಬಿಸಿಲು ತಾಗುವಷ್ಟರಲ್ಲಿ ಕದಿರಯ್ಯ ಫ್ರೇಮ್ ಅಂಗಡಿಯ ಹಿಂದಿನ ಜಗಲಿಯಲ್ಲಿ ಕೂತಾಗಿದೆ. ಎದುರಿಗೆ ಹಳೆಯ ತೈಲಚಿತ್ರವೊಂದು ಗೋಡೆಗೆ ಒರಗಿದೆ. ಕುಂಚ ಇನ್ನೂ ಡಬ್ಬಿಯಲ್ಲೇ ಇದೆ. “ಮೊದ್ಲು ಮಕ ಓದ್ಬೇಕು. ಟ್ಯೂಬ್‌ಲೈಟು ಸುಳ್ಳು ಹೇಳ್ತದೆ ಕಣ್ ಸ್ವಾಮಿ,” ಎನ್ನುತ್ತಾರೆ.

ಮಿಡಿಗೇಶಿಯ ಕದಿರಯ್ಯನವರಿಗೆ ಅರವತ್ತೊಂದು. ಲಾರಿಗಳಿಗೆ ಹೂಬಳ್ಳಿ ಬರೆಯುತ್ತಿದ್ದವರು ಹಳೆಯ ಭಾವಚಿತ್ರಗಳ ರಿಪೇರಿಗೆ ಇಳಿದು ಮೂವತ್ನಾಲ್ಕು ವರ್ಷವಾಯಿತು. ಒಂದು ಕಾಲಕ್ಕೆ ವಾರಕ್ಕೆ ಏಳೆಂಟು ಬರುತ್ತಿದ್ದವು. ಕಂಪ್ಯೂಟರ್ ಬಂದು ಹೊಟ್ಟೆ ಮೇಲೆ ಹೊಡೆದ ಮೇಲೆ ತಿಂಗಳಿಗೆ ಮೂರು ಬಂದರೆ ಹೆಚ್ಚು. ಅಜ್ಜನನ್ನು ಕೊಂಚ ನಗಿಸಿ, ಬೆಳ್ಳಗೆ ಮಾಡಿ, ಕೈಗೊಂದು ವಾಚು ಕಟ್ಟಿ ಎನ್ನುವವರೇ ಎಲ್ಲ. ಕದಿರಯ್ಯ ಕಟ್ಟಿದ್ದಾರೆ ಕೂಡ. ಹೊಟ್ಟೆಪಾಡು, ಏನು ಮಾಡುವುದು!

ಎದುರಿಗಿರುವ ಚಿತ್ರ ಕೊರಟಗೆರೆಯ ದಾಕ್ಷಾಯಣಮ್ಮನವರದು. ಚಿತ್ರದಲ್ಲಿರುವವರು ಅವರ ಮಾವ ಬಸವಲಿಂಗಯ್ಯ. ಸೊಸೆ ಮನೆ ತುಂಬುವ ಮೊದಲೇ ತೀರಿಕೊಂಡವರು. ಬಾಗಿದ ಕತ್ತು, ಅರೆಮುಚ್ಚಿದ ಕಣ್ಣು. ಎದೆಯಿಂದ ಕೆಳಗೆಲ್ಲ ದೇವರಮನೆಯ ದೀಪದ ಮಸಿ. ನೆಂಟರಿಷ್ಟರ ಬಾಯಲ್ಲಿ ಅವರು ‘ತೂಕಡಿಸೋ ತಾತ’. ಭಾನುವಾರ ದಾಕ್ಷಾಯಣಮ್ಮನವರ ಮೊಮ್ಮಗಳ ನಿಶ್ಚಿತಾರ್ಥ. “ಬೀಗರ ಮುಂದೆ ನಮ್ಮ ಮಾವನೋರು ನಗೆಪಾಟಲಾಗಬಾರ್ದು ಕಣಪ್ಪ. ಕಣ್ಣು ತೆರೆದಂಗೆ ಬರ್ದುಕೊಡು,” ಎಂದು ಹೇಳಿ ಹೋಗಿದ್ದಾರೆ.

ಕದಿರಯ್ಯನವರಿಗೆ ಮನಸ್ಸು ಬರಲಿಲ್ಲ. “ನಿದ್ದೆ ಹತ್ತಿದೋರ ತುಟಿ ಸಡ್ಲಾಗಿರ್ತದೆ. ಇವ್ರದು ಬಿಗಿಯಾಗೈತೆ, ಹುಬ್ಬು ಮಾತ್ರ ತಣ್ಣಗೈತೆ. ಏನೋ ನೋಡ್ತಾವ್ರೆ ಅನ್ನುಸ್ತು.” ಏನನ್ನು ಎಂದು ತಿಳಿಯಲು ಮಸಿ ತೆಗೆಯಬೇಕು. ಜೋರಾಗಿ ಉಜ್ಜಿದರೆ ಮಸಿಯ ಜೊತೆ ಬಣ್ಣವೂ ಎದ್ದು ಬರುತ್ತದೆ. ಹತ್ತಿಗೆ ಎಂಜಲು ಸೋಕಿಸಿದರೆ ಬೇಗ ಬಿಡುತ್ತದಂತೆ. “ಹಿರೀಕರ ಚಿತ್ರಕ್ಕೆ ಎಂಜ್ಲು ಹಚ್ಚಾದಾ? ಥೂ!” ಎಂದವರೇ ನೀರಿನ ಹತ್ತಿಯಲ್ಲೇ ಎರಡು ಬೆಳಗು ಒರೆಸಿದರು.

ಇವತ್ತು ಮೂರನೆಯದು. ಹತ್ತಿ ಸರಿದ ಕಡೆ ಎಡ ಅಂಗೈ ಕಾಣುತ್ತದೆ. ಅಂಗೈಯಲ್ಲಿ ಇಷ್ಟಲಿಂಗ. ಅಲ್ಲಿಗೆ, ಬಸವಲಿಂಗಯ್ಯ ತೂಕಡಿಸುತ್ತಿಲ್ಲ, ಅಂಗೈಯ ಲಿಂಗವನ್ನೇ ನೋಡುತ್ತ ಪೂಜೆಗೆ ಕೂತಿದ್ದಾರೆ.

ಹತ್ತು ಗಂಟೆಯ ಬಸ್ಸಿಗೆ ಬಂದ ದಾಕ್ಷಾಯಣಮ್ಮ ಚಿತ್ರದ ಮುಂದೆ ನಿಂತು ಆ ಅಂಗೈಯನ್ನೇ ನೋಡುತ್ತಾರೆ. “ಅಯ್ಯೋ ಶಿವನೇ! ಇವರ ಕೆಳಗೇ ದಿನಾ ಬೆಳಗ್ಗೆ ನಾನೂ ಲಿಂಗ ಹಿಡ್ಕೊಂಡು ಇಂಗೇ ಕೂರ್ತೀನಲ್ಲಪ್ಪ. ಒಂದ್ ದಿನ ತಲೆ ಎತ್ತಿ ನೋಡಿದ್ರೆ, ಮಸಿ ಇದ್ರೂ ಆ ಕತ್ತು ಬಾಗಿರೋದ್ರಲ್ಲೇ ಗೊತ್ತಾಗ್ತಿತ್ತು.” ಅವರಿಗೆ ಅಳು ತಡೆಯುವುದಿಲ್ಲ. ಕಣ್ಣು ಹಾಗೇ ಇರಲಿ ಎನ್ನುತ್ತಾರೆ.

ಕದಿರಯ್ಯ ಕೈ ಒರೆಸಿಕೊಳ್ಳುತ್ತಾರೆ. “ನೂರಾರು ಜನಕ್ಕೆ ಕಣ್ಣು ಬರ್ದಿವ್ನಿ ಸ್ವಾಮಿ. ನಿನ್ ಕೆಲ್ಸ ಯಾವ್ದು ಅಂತ ಯಾರಾನ ಕೇಳಿದ್ರೆ, ಬರೀದಲೆ ಬುಟ್ಟ ಈ ಎಲ್ಡು ಕಣ್ಣು ತೋರುಸ್ತೀನಿ.”