ಸೂರಿನ ಕೆಳಗಿನ ತಳ್ಳುಗಾಡಿ

ರೀಕ್ಕಾ ಹುಟ್ಟಿ ಬೆಳೆದದ್ದು ಔಲು ಪಟ್ಟಣದ ದೊಡ್ಡ ಕಟ್ಟಡವೊಂದರ ನಾಲ್ಕನೆಯ ಮಹಡಿಯಲ್ಲಿ. ಅಲ್ಲಿ ಮಾಡಿನ ಮೇಲೆ ಬಿದ್ದ ಮಳೆ ಎಲ್ಲಿಗೋ ಹೋಗುತ್ತಿತ್ತು, ಹಿಮವನ್ನು ಯಾರೋ ಬಂದು ತಳ್ಳುತ್ತಿದ್ದರು. ಯಾರ್ಕೊನನ್ನು ಮದುವೆಯಾಗಿ ಸಮುದ್ರದಂಚಿನ ರಾಹೆಯ ಹಳೇ ಹಲಗೆಮನೆಗೆ ಬಂದ ಮೇಲೆಯೇ ಅವಳಿಗೆ, ಮನೆಯ ಸೂರಿಗೆ ಉದ್ದಕ್ಕೂ ಒಂದು ತಗಡಿನ ದೋಣಿ ಇರುತ್ತದೆ, ಅದು ನೀರನ್ನು ಮೂಲೆಯ ಕೊಳವೆಗೆ ಒಯ್ಯುತ್ತದೆ, ಅದಕ್ಕೆ ವರ್ಷಪೂರ್ತಿ ಮನುಷ್ಯರ ಕೈ ಬೇಕು ಎಂಬುದು ತಿಳಿದದ್ದು.

ಮೇ ತಿಂಗಳಲ್ಲಿ ಬರ್ಚ್ ಮರಗಳ ಹೂತೆನೆ ಬಿದ್ದು ದೋಣಿಯಲ್ಲಿ ಹಳದಿ ಹಿಟ್ಟು ಕಲಸಿದಂತಾಗುತ್ತಿತ್ತು. ಬೇಸಗೆಯಲ್ಲಿ ಹೊಟ್ಟಿನಂಥ ಬೀಜ. ಒಂದು ವರ್ಷ ಬಾಚದೆ ಬಿಟ್ಟಿದ್ದಕ್ಕೆ ಅಲ್ಲೇ ಬೆರಳುದ್ದದ ಬರ್ಚ್ ಸಸಿಗಳು ಎದ್ದು ನಿಂತಿದ್ದವು. ಎಲ್ಲಕ್ಕಿಂತ ಕಷ್ಟದ್ದು ಶರತ್ಕಾಲ. ಕೊನೆಯ ಎಲೆ ಉದುರುವುದಕ್ಕೂ ಮೊದಲ ಗಟ್ಟಿ ಚಳಿ ಬೀಳುವುದಕ್ಕೂ ನಡುವೆ ಸಿಗುವುದು ನಾಲ್ಕೈದು ದಿನ. ಅಷ್ಟರಲ್ಲಿ ಏಣಿ ಹತ್ತಿ ಕೊಳೆತ ಎಲೆಯನ್ನೆಲ್ಲ ಬಾಚಿ, ಕೊಳವೆಯ ಕೆಳಗಿನ ತುಂಡನ್ನು ಕಳಚಿಡಬೇಕು. ಇಲ್ಲದಿದ್ದರೆ ಒಳಗೆ ನೀರು ನಿಂತು, ಹೆಪ್ಪುಗಟ್ಟಿ, ತಗಡನ್ನೇ ಸೀಳುತ್ತದೆ.

ಕಳೆದ ಅಕ್ಟೋಬರಿನಲ್ಲಿ ಆ ನಾಲ್ಕೈದು ದಿನ ಬಂದಾಗ ರೀಕ್ಕಾ ಹೆರಿಗೆ ವಾರ್ಡಿನಲ್ಲಿದ್ದಳು. ಮಗಳು ಔನೆ ಮೂರು ವಾರ ಮೊದಲೇ ಬಂದುಬಿಟ್ಟಿದ್ದಳು. ಯಾರ್ಕೊ ಆಸ್ಪತ್ರೆಗೂ ಮನೆಗೂ ಓಡಾಡುವುದರಲ್ಲಿ ದೋಣಿ ಮರೆತ. ಆಮೇಲೆ ನೆನಪಾಗಿ ಏಣಿ ಹತ್ತಿದರೆ ಎಲೆಗಳು ಕಲ್ಲಾಗಿದ್ದವು. ಡಿಸೆಂಬರಿನಲ್ಲಿ ಅವನು ಹಡಗಿಗೆ ಹೋದ. ಕಡಲಿನ ಹಿಮಗಡ್ಡೆ ಒಡೆದು ದಾರಿ ಮಾಡುವ ಹಡಗಿನ ಎಂಜಿನ್ ಕೆಲಸ ಅವನದು. ಅಲ್ಲಿಂದ ಮುಂದೆ ಆ ದೋಣಿ ರೀಕ್ಕಾಳೊಬ್ಬಳದೇ ಆಯಿತು.

ಅದರ ಕೆಳಗೇ ಔನೆಯನ್ನು ಮಲಗಿಸುವ ತಳ್ಳುಗಾಡಿ ನಿಲ್ಲುತ್ತಿತ್ತು.

ಎಂಥ ಚಳಿಯಲ್ಲೂ ಮಕ್ಕಳು ಮಧ್ಯಾಹ್ನ ಹೊರಗೆ ಮಲಗಬೇಕು, ಅದು ಆ ಕಡೆಯ ರೂಢಿ, ಅದರಲ್ಲಿ ಎರಡು ಮಾತಿಲ್ಲ. ಉಣ್ಣೆಯ ಚೀಲದೊಳಗೆ ಮೂಗಷ್ಟೇ ಕಾಣುವಂತೆ ಸುತ್ತಿ ಹೊರಗಿಟ್ಟರೆ ಔನೆ ಎರಡು ಗಂಟೆ ಮಿಸುಕದೆ ಮಲಗುತ್ತಿದ್ದಳು. ಒಳಗೆ ಮಲಗಿಸಿದರೆ ಇಪ್ಪತ್ತು ನಿಮಿಷಕ್ಕೆ ಅಳು. ರೀಕ್ಕಾ ಸಣ್ಣ ಪುಸ್ತಕದಲ್ಲಿ ದಿನದಿನವೂ ಬರೆದಿಡುತ್ತಿದ್ದಳು: ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ, ಎರಡು ಗಂಟೆ ಹತ್ತು ನಿಮಿಷ, ಕೈ ಬೆಚ್ಚಗಿತ್ತು.

ಜಾಗ ಗೊತ್ತುಮಾಡಿದ್ದು ಅತ್ತೆ ಹೆಲ್ವಿ. ಮೊಮ್ಮಗಳು ಹುಟ್ಟಿದ ಮೇಲೆ ಎಲ್ಲರ ಬಾಯಲ್ಲೂ ಅವರು ಅಜ್ಜಿ, ಅಂದರೆ ಮುಮ್ಮೊ. ಅಡುಗೆಮನೆ ಕಿಟಕಿಯ ಪಕ್ಕ, ಗೋಡೆಗೆ ಒತ್ತಿ, ಕಡಲಗಾಳಿ ತಾಗದ ಮೂಲೆ ಅದು.

"ನಾಲ್ಕು ಗಂಡುಮಕ್ಳನ್ನ ಇಲ್ಲೇ ಮಲಗ್ಸಿದ್ದೀನಿ ಕಣೇ ಹುಡುಗಿ," ಎಂದಿದ್ದರು. "ನಿನ್ ಗಂಡನೂ ಇಲ್ಲೇ ಮಲಗಿದ್ದು. ತಲೆ ನೆಟ್ಟಗೇ ಇದೆಯಲ್ಲ."

"ಅದರಲ್ಲಿ ನಂಗೆ ಸ್ವಲ್ಪ ಅನುಮಾನ ಇದೆ ಮುಮ್ಮೊ."

ಹೆಲ್ವಿ ನಕ್ಕಿದ್ದರು. ಆದರೆ ಜಾಗ ಬದಲಾಗಲಿಲ್ಲ.

ಫೆಬ್ರವರಿ ಕಳೆಯುವಷ್ಟರಲ್ಲಿ ದೋಣಿ ತುಂಬಿ, ಅದರ ಮೇಲೆ ಹಿಮಗಡ್ಡೆ ದಿಂಬಿನಂತೆ ಉಬ್ಬಿತ್ತು. ಅಂಚಿನಿಂದ ತೋಳುದ್ದದ ಹಿಮದ ಕೋಲುಗಳು ಇಳಿಬಿದ್ದಿದ್ದವು. ಅವನ್ನು ರೀಕ್ಕಾ ದಿನಾ ಬೆಳಗ್ಗೆ ಪೊರಕೆ ಹಿಡಿಯಿಂದ ತಟ್ಟಿ ಬೀಳಿಸುತ್ತಿದ್ದಳು. ದೋಣಿಯನ್ನು ಮಾತ್ರ ಏನೂ ಮಾಡಲಾಗುತ್ತಿರಲಿಲ್ಲ. ಪಾತ್ರೆ ತೊಳೆಯುವಾಗ, ಹಾಲೂಡಿಸುವಾಗ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ನಿನ್ನೆಗಿಂತ ಜೋತಿದೆಯೋ? ಇಲ್ಲ. ಇದೆಯೇನೋ.

ಮಾರ್ಚಿನ ಮೊದಲ ಶನಿವಾರ ಅವಳಿಗೆ ತಡೆಯಲಾಗಲಿಲ್ಲ. ಸೌನಾ, ಅಂದರೆ ಹಬೆಸ್ನಾನದ ಕೋಣೆ, ಕಾಯಿಸಿದ ದಿನ. ಸ್ನಾನ ಮುಗಿದರೂ ಹಂಡೆಯಲ್ಲಿ ಕುದಿಯುವಂಥ ನೀರು ಮಿಕ್ಕಿತ್ತು. ಔನೆ ಒಳಗೆ ಆಡಿಕೊಂಡಿದ್ದಾಗ ಏಣಿ ಇಟ್ಟು, ಬಕೆಟ್ಟು ಬಕೆಟ್ಟಾಗಿ ಹತ್ತು ಸಲ ಹೊತ್ತು ದೋಣಿಗೆ ಸುರಿದಳು. ಗಡ್ಡೆ ಚಟಪಟ ಎಂದಿತು, ಹಬೆ ಎದ್ದಿತು, ಮೇಲೊಂದು ಕಾಲುವೆಯೂ ಕೊರೆಯಿತು. ಗೆದ್ದೆ ಎಂದುಕೊಂಡು ಇಳಿದಳು. ಭಾನುವಾರ ಬೆಳಗ್ಗೆ ನೋಡಿದರೆ ಅಷ್ಟೂ ನೀರು ಗಡ್ಡೆಗೇ ಸೇರಿಕೊಂಡಿತ್ತು. ಕೊಳವೆ ಬಾಯಿಯವರೆಗೆ ಬಿಗಿದಿತ್ತು. ದೋಣಿಯನ್ನು ಹಿಡಿದಿದ್ದ ಕೊಕ್ಕೆಗಳಲ್ಲಿ ಎರಡು ಕೆಳಮುಖವಾಗಿ ಬಾಗಿದ್ದವು.

ಅಂದು ಪಕ್ಕದ ಮನೆಯ ಮುದುಕ ತೈಸ್ತೊ ಬೇಲಿಯಾಚೆ ಹಿಮ ತೋಡುತ್ತ ಸೂರಿನ ಕಡೆ ನೋಡಿದ.

"ಏನ್ ಯಜಮಾನ್ತಿ, ನಿಮ್ಮನೆ ದೋಣಿ ಬಸುರಿ ಆದಂಗಿದೆ."

"ಈ ವರ್ಷ ಹಿಮ ಜಾಸ್ತಿ ಅಲ್ವಾ."

"ಹಿಮ ಎಲ್ರ ಮನೇಲೂ ಅಷ್ಟೇ. ನನ್ ಷಡ್ಡಕ ಒಬ್ಬ ಇದ್ದ, ದಡ್ಡ ಶಿಖಾಮಣಿ. ಸೌನಾ ನೀರು ತಂದು ದೋಣಿಗೆ ಸುರಿದ. ಮೂರನೇ ದಿನ ದೋಣಿ ಸಮೇತ ಸೂರಿನ ಹಲಗೇನೂ ಕಿತ್ಕೊಂಡ್ ಬಂತು. ಅಂಥ ತಲೆ ಯಾರಿಗಿರುತ್ತೆ ಹೇಳು."

ರೀಕ್ಕಾ ಅವನ ಜೊತೆ ನಕ್ಕಳು. ತಾನೂ ಅದನ್ನೇ ಮಾಡಿದ್ದೇನೆಂದು ಯಾರಿಗೂ ಹೇಳಲಿಲ್ಲ. ಫೋನಿನಲ್ಲಿ ಗಂಡನಿಗೂ ಹೇಳಲಿಲ್ಲ. ಮಹಡಿ ಮನೆಯ ಹುಡುಗಿಗೆ ಏನು ಗೊತ್ತು ಎಂದು ಅವನ ಅಣ್ಣಂದಿರು ನಗುವುದು ಅವಳಿಗೆ ಈಗಲೇ ಕೇಳಿಸುತ್ತಿತ್ತು. ಗಾಡಿಯನ್ನು ಅಂಗಳದ ನಡುವೆ ಇಡತೊಡಗಿದಳು, ಅಷ್ಟೇ.

ಗುರುವಾರ ಅವಳು ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಮಗು ನೋಡಿಕೊಳ್ಳಲು ಹೆಲ್ವಿ ತಮ್ಮ ಮನೆಯಿಂದ ಬಂದರು. ಔನೆ ಆಗಲೇ ಅಂಗಳದ ನಡುವಿನ ಗಾಡಿಯಲ್ಲಿ ಮಲಗಿದ್ದಳು.

"ಇದೇನು, ಮಗೂನ ಗಾಳಿಗೆ ಇಟ್ಟಿದ್ದೀಯ?"

"ಇಲ್ಲಿ ಬಿಸಿಲು ಚೆನ್ನಾಗಿದೆ ಮುಮ್ಮೊ. ಇಲ್ಲೇ ಇರಲಿ."

"ಬಿಸಿಲು ಕಣ್ಣಿಗೆ, ಗಾಳಿ ಕಿವಿಗೆ."

"ಇಲ್ಲೇ ಇರಲಿ, ಪ್ಲೀಸ್."

ಯಾಕೆ ಎಂದು ಒಂದು ಮಾತು ಸೇರಿಸಬೇಕಿತ್ತು. ಸೇರಿಸದೆ, ಕಾಲಿನಿಂದ ಒದ್ದು ಓಡಿಸುವ ಜಾರುಗಾಡಿ ಹಿಡಿದು ಹೊರಟಳು.

ಬೀದಿ ತಿರುಗುವಷ್ಟರಲ್ಲಿ ಏನೋ ಬೇರೆಯಾಗಿದೆ ಅನ್ನಿಸಿತು. ಎಲ್ಲ ಸೂರುಗಳಿಂದಲೂ ತೊಟತೊಟ ಸದ್ದು. ಜಾರುಗಾಡಿಯ ಪಟ್ಟಿಗಳು ಹಿಮದಲ್ಲಿ ಜಾರದೆ ಅಂಟುತ್ತಿದ್ದವು. ಔಷಧದಂಗಡಿಯ ಗೋಡೆಯ ಮೇಲಿನ ತಾಪಮಾನದ ಅಂಕಿ ಸೊನ್ನೆ ದಾಟಿ ಮೂರು ತೋರಿಸುತ್ತಿತ್ತು. ನೋಡುತ್ತಿದ್ದಂತೆಯೇ ಎದುರು ಮನೆಯ ಮಾಡಿನಿಂದ ಹಿಮದ ರಾಶಿಯೊಂದು ಧೊಪ್ಪನೆ ಜಾರಿತು.

ಹೆಲ್ವಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಮುಮ್ಮೊನ ಫೋನು ಕೋಟಿನ ಜೇಬಿನಲ್ಲಿ, ಕೋಟು ಬಾಗಿಲ ಹಿಂದಿನ ಮೊಳೆಯಲ್ಲಿ. ಅದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು. ಜಾರುಗಾಡಿ ಅಲ್ಲೇ ಬಿಟ್ಟು ಓಡಿದಳು. ಗಾಳಿ ಎದ್ದಿತ್ತು. ಗಾಳಿ ಎದ್ದರೆ ಮುಮ್ಮೊ ಗಾಡಿಯನ್ನು ಎಲ್ಲಿ ಇಡುತ್ತಾರೆಂದು ಯೋಚಿಸಬೇಕಾಗಿಯೇ ಇರಲಿಲ್ಲ.

ಗಾಡಿ ಗೋಡೆಗೆ ಒತ್ತಿ ನಿಂತಿತ್ತು. ಮೇಲಿನ ಕೊಕ್ಕೆಗಳಿಂದ ನೀರಿಳಿದು ಗಾಡಿಯ ಮುಸುಕಿನ ಮೇಲೆ ಟಪ್ ಟಪ್ ಎನ್ನುತ್ತಿತ್ತು. ರೀಕ್ಕಾ ಹಿಡಿ ಹಿಡಿದು ಎಳೆದಳು. ಚಕ್ರ ಕೆಸರುಹಿಮದಲ್ಲಿ ಹೂತಿತ್ತು. ಇನ್ನೊಮ್ಮೆ ಎಳೆದಳು. ಕೊನೆಗೆ ಗಾಡಿಯನ್ನೇ ಓರೆಮಾಡಿ ಎರಡು ಚಕ್ರದ ಮೇಲೆ ಅಂಗಳದ ಆಚೆ ತುದಿಯವರೆಗೂ ಎಳೆದೊಯ್ದಳು.

ಹೆಲ್ವಿ ಬಾಗಿಲಿಗೆ ಬಂದರು. "ನಿದ್ದೇಲಿರೋ ಮಗೂನ ಹಿಂಗಾ ಎಳೆಯೋದು? ಡಾಕ್ಟ್ರ ಹತ್ರ ಹೋಗ್ಲಿಲ್ವಾ?"

"ನಾನು ಸೌನಾ ನೀರು ಸುರಿದೆ ಮುಮ್ಮೊ. ದೋಣಿಗೆ. ಹತ್ತು ಬಕೆಟ್ಟು. ಕೊಕ್ಕೆ ಬಾಗಿದೆ. ನಿಮ್ಗೆ ಹೇಳ್ಲಿಲ್ಲ."

ಹೆಲ್ವಿ ಹೊಸ್ತಿಲಿನಿಂದ ಕತ್ತೆತ್ತಿ ನೋಡಿದರು. ನೋಡಿದವರು ಒಂದು ಹೆಜ್ಜೆ ಹಿಂದೆ ಸರಿದು, ಒಳಗಿನಿಂದ ಸುತ್ತಿ ಹಿಂಬಾಗಿಲಿನಿಂದ ಅಂಗಳಕ್ಕೆ ಬಂದರು. ಸೊಸೆಯ ಪಕ್ಕ ನಿಂತರು.

"ಹೇಳ್ಬಾರ್ದಿತ್ತಾ," ಎಂದರು. ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. "ಭಯ ಇರೋದು ಗಾಳಿದೊಂದೇ ಅಂತ ತಿಳ್ಕೊಂಡೆ ನಾನು. ಬಾಯಿಬಿಟ್ಟು ಹೇಳಿದ್ರೆ ಕೇಳದೇ ಇರ್ತಿದ್ನಾ?"

"ನಗ್ತೀರೇನೋ ಅಂತ."

"ನಗ್ತಿದ್ದೆ. ನಕ್ಕು ಗಾಡಿ ಅಂಗಳದಲ್ಲೇ ಇಡ್ತಿದ್ದೆ."

ತೈಸ್ತೊನನ್ನು ಕರೆದರು. ಅವನು ಹಗ್ಗ ತಂದು ಬೇಲಿ ದಾಟುವಷ್ಟರಲ್ಲಿ ಮೊದಲ ಕೊಕ್ಕೆ ಕಿತ್ತಿತು. ಆಮೇಲೆ ಉಳಿದವು ಗುಂಡಿ ಬಿಚ್ಚಿದ ಹಾಗೆ ಒಂದರ ಹಿಂದೊಂದು. ಐದು ಮೀಟರ್ ತಗಡು, ಅದರೊಳಗಿನ ಗಡ್ಡೆ ಸಮೇತ, ಗೋಡೆಯನ್ನು ಕೆರೆಯುತ್ತ ಬಂದು ಕಿಟಕಿಯ ಪಕ್ಕದ ಹಿಮಕ್ಕೆ ಬಿತ್ತು. ಗಾಡಿಯ ಚಕ್ರದ ಗುರುತು ಎರಡೂ ಅದರಡಿ ಮುಚ್ಚಿಹೋದವು. ನೆಲ ನಡುಗಿದ್ದು ಪಾದಕ್ಕೆ ತಿಳಿಯಿತು. ಔನೆ ನಿದ್ದೆಯಲ್ಲೇ ಒಮ್ಮೆ ತುಟಿ ಚೀಪಿದಳು.

ತೈಸ್ತೊ ಟೋಪಿ ತೆಗೆದ. ಷಡ್ಡಕನ ಮಾತು ಎತ್ತಲಿಲ್ಲ.

ಸಂಜೆ ಯಾರ್ಕೊ ಫೋನು ಮಾಡಿದಾಗ "ದೋಣಿ ಬಿತ್ತು" ಎಂದಳು. "ಎಲ್ಲಿ ಬಿತ್ತು?" ಎಂದು ಅವನು ಕೇಳುತ್ತಿದ್ದಂತೆಯೇ ಹೆಲ್ವಿ ಫೋನು ಇಸಿದುಕೊಂಡರು.

"ಕೇಳೋ ಇಲ್ಲಿ. ಎಲ್ರೂ ಚೆನ್ನಾಗಿದ್ದೀವಿ. ಉಳಿದದ್ದು ನಾಳೆ ಅವಳೇ ಹೇಳ್ತಾಳೆ, ನೀನು ನಡುವೆ ಬಾಯಿ ಹಾಕ್ದೆ ಕೇಳು. ಎಲೆ ತೆಗೀದೇ ಹೋದೋನು ನೀನು."

ಮರುದಿನ ಮಧ್ಯಾಹ್ನವೂ ಕಡಲಗಾಳಿ ಇತ್ತು. ಗಾಡಿಯನ್ನು ಅಂಗಳದ ನಟ್ಟನಡುವೆ ನಿಲ್ಲಿಸಿದರು. ಕರೆಯದೆಯೇ ಬಂದಿದ್ದ ಹೆಲ್ವಿ ಬಕೆಟ್ಟು ಮಗುಚಿ ಹಾಕಿ, ಗಾಳಿ ಬರುವ ಕಡೆಗೆ ಬೆನ್ನು ಕೊಟ್ಟು, ಕೋಟಿನ ಎರಡು ಮಗ್ಗುಲನ್ನೂ ರೆಕ್ಕೆಯಂತೆ ಹಿಡಿದು ಕೂತರು. ರೀಕ್ಕಾ ಒಳಗೆ ಸ್ವಲ್ಪ ಹೊತ್ತು ಕೂರಲು ನೋಡಿದಳು. ಆಗಲಿಲ್ಲ. ಕಾಫಿ ಲೋಟ ಎರಡು ಹಿಡಿದು ಹೊರಗೆ ಬಂದಳು.

"ಸೂರಲ್ಲಿ ಇನ್ನೇನೂ ಇಲ್ಲ ಕಣೇ," ಎಂದರು ಹೆಲ್ವಿ, "ಯಾಕೆ ಹಂಗೆ ನೋಡ್ತೀಯ?"

"ನೀವೂ ಅಲ್ಲೇ ನೋಡ್ತಿದ್ದೀರಲ್ಲ."

ಹೆಲ್ವಿ ಬಕೆಟ್ಟಿನ ಮೇಲೆ ಕೊಂಚ ಸರಿದು ಜಾಗ ಮಾಡಿದರು.