ತಾನೇ ಓದಿದ ಸುಳ್ಳನ್ನು ಹಿಂದಕ್ಕೆ ತರುವ ರೋಷನಬಿ

ಬೆಳಗಿನ ಆರು ಗಂಟೆ. ಮೋರಟಗಿ ಹತ್ತಿರದ ಒಂದು ಸಣ್ಣ ಊರು. ಹೆಸರು ಬರೆಯಬೇಡಿ ಎಂದು ಊರವರೇ ಕೇಳಿಕೊಂಡಿದ್ದಾರೆ. ಕೂಲಿಗೆ ಕರೆದೊಯ್ಯುವ ಟಂಟಂ ಏಳಕ್ಕೆ ಬರುತ್ತದೆ, ಅಷ್ಟರೊಳಗೆ ಜನರನ್ನು ಮನೆಯಲ್ಲೇ ಹಿಡಿಯಬೇಕು. ಕಲ್ಮೇಶ ಬಾಯಲ್ಲಿ ಬ್ರಶ್ ಇಟ್ಟುಕೊಂಡು ಅಂಗಳದಲ್ಲಿ ನಿಂತಿದ್ದಾರೆ. ರೋಷನಬಿ ನದಾಫ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಹಾಕಿದ ಕುರ್ಚಿ ಬೇಡವೆಂದು, ನಿಂತೇ ಹೇಳುತ್ತಾರೆ:

“ತಮ್ಮಾ, ನಾಕ ತಿಂಗಳ ಹಿಂದ ನಾ ಇಲ್ಲೇ ಕುಂತು ಒಂದ ಸುದ್ದಿ ಓದಿದ್ನಿ. ಫಿಲ್ಟರ್ ನೀರ ಕುಡದ್ರ ಮೊಣಕಾಲ ಸವೀತಾವು ಅಂತ. ಅದು ಸುಳ್ಳ ಐತಿ. ಯಾರೋ ಹೇಳಿದ ಸುಳ್ಳ ಅಲ್ಲ, ನಾ ಹೇಳಿದ ಸುಳ್ಳ.”

ಕಲ್ಮೇಶ ಬ್ರಶ್ ತೆಗೆದು ನಗುತ್ತಾರೆ. ತಾನು ಅದನ್ನು ಆವತ್ತೇ ನಂಬಿರಲಿಲ್ಲ ಎನ್ನುತ್ತಾರೆ. ರೋಷನಬಿ ಅಷ್ಟಕ್ಕೆ ಬಿಡುವವರಲ್ಲ, ಮನೆಯಲ್ಲಿ ಬೇರೆ ಯಾರಾದರೂ ನಂಬಿದ್ದಾರೆಯೇ ಎಂದು ಕೇಳುತ್ತಾರೆ. ಒಳಗಿನಿಂದ ಹೆಂಡತಿ ಸುನಂದಾ ಬಂದು, ತಾನು ನಂಬಿ ಒಂದು ತಿಂಗಳು ಫಿಲ್ಟರ್ ನೀರು ಬಿಟ್ಟಿದ್ದೆ, ಬೋರಿನ ನೀರಲ್ಲಿ ಚಹಾ ಸವಳಾಯಿತೆಂದು ಮತ್ತೆ ತರಲು ಶುರು ಮಾಡಿದೆ ಎಂದು ಒಪ್ಪಿಕೊಳ್ಳುತ್ತಾರೆ. ಗಂಡನಿಗೆ ಇದು ಹೊಸ ಸುದ್ದಿ. ರೋಷನಬಿ ನೂರು ಪುಟದ ನೋಟ್‌ಬುಕ್ ತೆಗೆದು ಅದರಲ್ಲಿ ಆ ಮನೆಯ ಹೆಸರಿನ ಮುಂದೆ ಗೀಟು ಎಳೆಯುತ್ತಾರೆ. ಎಂಬತ್ತು ಮನೆಗಳಲ್ಲಿ ಇದು ಅರವತ್ತಮೂರನೆಯದು.

ಗೊಳಸಂಗಿಯ ರೋಷನಬಿಗೆ ಈಗ ನಲವತ್ತನಾಲ್ಕು. ಗಂಡ ಶಮಶುದ್ದೀನ ಮನಗೂಳಿ ಸಂತೆಯಲ್ಲಿ ಗಾದಿ ಹೊಲಿಯುತ್ತಾರೆ. ಪಿಯುಸಿ ಮುಗಿಸಿದ ರೋಷನಬಿ ಹದಿನಾಲ್ಕು ವರ್ಷಗಳಿಂದ ಮನೆಮನೆ ಸಮೀಕ್ಷೆಯ ಕೆಲಸ ಮಾಡುತ್ತಾರೆ. ಶೌಚಾಲಯ ಇದೆಯೇ, ಯಾವ ಸೋಪು, ಯಾವ ಚಾನೆಲ್ಲು, ಯಾರಿಗೆ ಮತ: ಕೇಳದ ಪ್ರಶ್ನೆಯಿಲ್ಲ. ವರದಿಗಳ ಕೊನೆಯ ಪುಟದಲ್ಲಿ ಅವರ ಹೆಸರು ಬರುವುದಿಲ್ಲ, ‘ಕ್ಷೇತ್ರ ಸಿಬ್ಬಂದಿ’ ಎಂದು ಬರುತ್ತದೆ. ಅದಕ್ಕೆ ಅವರು ಎಂದೂ ತಲೆ ಕೆಡಿಸಿಕೊಂಡವರಲ್ಲ.

ಕಳೆದ ವರ್ಷ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ಮನಃಶಾಸ್ತ್ರದ ಅಧ್ಯಯನವೊಂದಕ್ಕೆ ಅವರನ್ನು ತೆಗೆದುಕೊಂಡಿತು. ಕೇಡಿನ ಸುದ್ದಿಯ ಜೊತೆ ಅದಕ್ಕೆ ಪರಿಹಾರವನ್ನೂ ಹೇಳಿದರೆ ಓದುಗರ ವಿಶ್ವಾಸ ಹೆಚ್ಚುತ್ತದೆಯೇ, ಸುಳ್ಳು ಸುದ್ದಿ ಮನಸ್ಸಿನಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬುದು ಅವರ ಪ್ರಶ್ನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಇನ್ನೂರ ನಲವತ್ತು ಮನೆಗಳು ರೋಷನಬಿ ಪಾಲಿಗೆ. ಎಂಬತ್ತು ಮನೆಗಳಲ್ಲಿ ಸಮಸ್ಯೆ ಮಾತ್ರ ಇದ್ದ ನಿಜ ಸುದ್ದಿ ಓದಬೇಕು, ಎಂಬತ್ತರಲ್ಲಿ ಸಮಸ್ಯೆಗೆ ದಾರಿಯನ್ನೂ ತೋರಿಸುವ ಸುದ್ದಿ, ಇನ್ನುಳಿದ ಎಂಬತ್ತರಲ್ಲಿ ಹೆಣೆದ ಸುಳ್ಳು. ಆಮೇಲೆ, ಎಷ್ಟು ನಂಬುತ್ತೀರಿ, ಒಂದರಿಂದ ಐದರೊಳಗೆ ಹೇಳಿ.

ಒಂದರಿಂದ ಐದು ಎಂದರೆ ಜನ ಮಿಕಿಮಿಕಿ ನೋಡಿದರು. ರೋಷನಬಿ ಅದನ್ನು ಆಣೆಗೆ ಇಳಿಸಿದರು. ಏನೂ ಇಲ್ಲ, ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ, ಹದಿನಾರಾಣೆ. ಲೆಕ್ಕ ಐದೇ ಆಯಿತು, ಉತ್ತರ ಪಟಪಟ ಬಂತು. ಸಂಸ್ಥೆಯ ಉಸ್ತುವಾರಿ ಚೇತನಕುಮಾರ ಮೊದಲು ಬೇಡವೆಂದವರು, ಆಮೇಲೆ ಎಲ್ಲ ಸಿಬ್ಬಂದಿಗೂ ಅದನ್ನೇ ಕಲಿಸಿದರು.

ಸುಳ್ಳು ಸುದ್ದಿ ಓದಿದ ಮೇಲೆ ಒಂದು ಚೀಟಿ ಕೊಟ್ಟು ಸಹಿ ತೆಗೆದುಕೊಳ್ಳುವುದು ನಿಯಮ. ‘ಸದರಿ ಮಾಹಿತಿಯು ಅಧ್ಯಯನದ ಉದ್ದೇಶಕ್ಕಾಗಿ ಮಾತ್ರ ಸಿದ್ಧಪಡಿಸಲ್ಪಟ್ಟಿದ್ದು ವಾಸ್ತವಾಂಶಗಳನ್ನು ಪ್ರತಿಬಿಂಬಿಸುವುದಿಲ್ಲ’ ಎಂದು ಅದರಲ್ಲಿತ್ತು. ಇದು ಸುಳ್ಳು ಎಂಬ ಎರಡೇ ಮಾತನ್ನು ಇಷ್ಟು ಉದ್ದ ಎಳೆಯಲು ಓದಿಕೊಂಡವರಿಂದ ಮಾತ್ರ ಸಾಧ್ಯ. ಬಾಯಿಂದ ಏನೂ ವಿವರಿಸಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು. ಜನ ಸಹಿ ಹಾಕಿ, ಹೆಬ್ಬೆಟ್ಟು ಒತ್ತಿ, ಚೀಟಿಯನ್ನು ರೊಟ್ಟಿ ಬುಟ್ಟಿಯ ಅಡಿಗೆ ಹಾಸಿದರು. ರೋಷನಬಿಯೂ ನಿಯಮ ಮುಗಿಯಿತೆಂದು ಮುಂದಿನ ಮನೆಗೆ ನಡೆದರು. “ಅದು ನನ್ನ ತಪ್ಪರಿ. ಆವತ್ತs ಬಾಯಿ ಬಿಡಬೇಕಿತ್ತು,” ಎನ್ನುತ್ತಾರೆ.

ಎರಡು ತಿಂಗಳ ನಂತರ ಬೇರೊಂದು ಸಮೀಕ್ಷೆಗೆಂದು ಇದೇ ಊರಿಗೆ ಬಂದಾಗ, ಅರವತ್ತು ದಾಟಿದ ಮಾಬುಬಿ ಎರಡು ಕೊಡ ಹೊತ್ತು ಬರುವುದು ಕಂಡಿತು. ಫಿಲ್ಟರ್ ಘಟಕ ಅವರ ಮನೆಯ ಎದುರಿಗೇ ಇದೆ. ಕೊಡ ತುಂಬಿದ್ದು ಊರಾಚೆಯ ಬೋರಿನಿಂದ; ಈ ನೀರು ಕುಡಿಯಬಾರದು ಎಂದು ಆ ಬೋರಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದೆ. ಯಾಕೆ ಖಾಲಾ ಎಂದು ಕೇಳಿದ್ದಕ್ಕೆ ಮಾಬುಬಿ ಕೊಟ್ಟ ಉತ್ತರ ರೋಷನಬಿಯ ಕಿವಿಯಿಂದ ಇನ್ನೂ ಹೋಗಿಲ್ಲ.

“ನೀನs ಹೇಳಿದ್ದಿಲ್ಲೇನು?”

ಬೆಂಗಳೂರಿನ ಮೇಜಿನ ಮೇಲೆ ಅದು ನಿರುಪದ್ರವಿ ಸುಳ್ಳು. ಆದರೆ ಮಾಬುಬಿಯ ಮೊಣಕಾಲು ಮೂರು ವರ್ಷಗಳಿಂದ ನೋಯುತ್ತಿತ್ತು. ಯಾಕೆ ನೋಯುತ್ತದೆ ಎಂದು ಆ ತನಕ ಯಾರೂ ಹೇಳಿರಲಿಲ್ಲ. ಸುಳ್ಳು ಸುದ್ದಿ ಅವರಿಗೊಂದು ಕಾರಣ ಕೊಟ್ಟಿತು. ಅದನ್ನು ಓದಿದ್ದು ಗುರುತಿನ ಹೆಣ್ಣುಮಗಳು, ಮತ್ತೆ ಅನುಮಾನಕ್ಕೆ ಜಾಗವೆಲ್ಲಿ? ಮಾಬುಬಿ ತಮ್ಮ ಓಣಿಯ ನಾಲ್ಕು ಮನೆಗೂ ಹೇಳಿ, ಅವರಿಂದಲೂ ಆ ನೀರು ಬಿಡಿಸಿದ್ದರು.

ರೋಷನಬಿ ಅಂದೇ ಚೇತನಕುಮಾರರಿಗೆ ಫೋನ್ ಮಾಡಿದರು, ಎಂಬತ್ತು ಮನೆಗೂ ಮತ್ತೆ ಹೋಗಬೇಕೆಂದರು. ಅವರು ಕೆಟ್ಟ ಮನುಷ್ಯರೇನಲ್ಲ. ಚೀಟಿ ಕೊಟ್ಟಾಗಿದೆ, ಸಹಿ ಇದೆ, ಆರು ತಿಂಗಳಿಗೆ ಎರಡನೇ ಸುತ್ತಿನಲ್ಲಿ ಸುಳ್ಳು ಎಷ್ಟು ಉಳಿದಿದೆ ಎಂದು ಅಳೆಯಬೇಕು, ಈಗ ಹೋಗಿ ಹೇಳಿದರೆ ಅಧ್ಯಯನವೇ ಕೆಡುತ್ತದೆ ಎಂದು ಸಮಾಧಾನವಾಗಿ ವಿವರಿಸಿದರು. ಹೋದರೆ ಎರಡನೇ ಸುತ್ತಿನ ಕೆಲಸ ನಿಮಗಿಲ್ಲ ಎಂಬುದನ್ನೂ ಅಷ್ಟೇ ಸಮಾಧಾನವಾಗಿ ಹೇಳಿದರು.

“ನೀವು ಅಳ್ಯಾಕ ಬರೂತನಾ ಆಕಿ ಆ ನೀರs ಕುಡೀಬೇಕೇನ್ರಿ ಅಂದ್ನಿ,” ಎಂದು ರೋಷನಬಿ ನೆನೆಯುತ್ತಾರೆ. “ಅವರ ಹಂತೇಕ ಸಹಿ ಹಾಕಿದ ಚೀಟಿ ಇದ್ವರಿ. ನನ್ನ ಹಂತೇಕ ಬಸ್ಸಿನ ಪಾಸ್ ಇತ್ತು.”

ಕದ್ದು ಮಾಡಿದ ಕೆಲಸವಲ್ಲ ಇದು. ಯಾವ ಮನೆಗೆ ಯಾವತ್ತು ಹೋಗಿ ಸುಳ್ಳೆಂದು ಹೇಳಿದೆ ಎಂದು ಪ್ರತಿ ಶನಿವಾರ ಪಟ್ಟಿ ಬರೆದು ಸಂಸ್ಥೆಗೆ ಕಳಿಸುತ್ತಾರೆ. ನಿಮ್ಮ ಲೆಕ್ಕದಿಂದ ಈ ಮನೆಗಳನ್ನು ಬೇರೆ ಇಡಿ ಎಂದು ಕೆಳಗೆ ಬರೆಯುತ್ತಾರೆ. ಸಂಸ್ಥೆ ಸಮೀಕ್ಷೆಗೆಂದು ಕೊಟ್ಟಿದ್ದ ಟ್ಯಾಬ್ ವಾಪಸ್ ಪಡೆದಿದೆ, ಪಟ್ಟಿಗೆ ಉತ್ತರ ಬರೆದಿಲ್ಲ. ನಂಬಿಕೆಯ ಮೇಲೆ ಅಧ್ಯಯನ ಮಾಡುವವರು ತಮ್ಮ ನಂಬಿಕಸ್ಥ ಕೆಲಸಗಾರ್ತಿಯನ್ನು ಹೀಗೆ ಕೈಬಿಟ್ಟರು ಎಂದರೆ ಸಿಟ್ಟು ಬರದೇ ಇರುತ್ತದೆಯೇ? ಶಮಶುದ್ದೀನ ಮಾತ್ರ ತಣ್ಣಗಿದ್ದಾರೆ. ಹೆಂಡತಿಗೆ ಹೋಗಬೇಡ ಎಂದು ಹೇಳಿ ಗೆದ್ದವರು ಗೊಳಸಂಗಿಯಲ್ಲಿ ಯಾರೂ ಇಲ್ಲ ಎಂದು ಗಾದಿಗೆ ಸೂಜಿ ಚುಚ್ಚುತ್ತ ಹೇಳುತ್ತಾರೆ.

ದಿನಕ್ಕೆ ನಾಲ್ಕು ಮನೆ, ಹೆಚ್ಚೆಂದರೆ ಐದು. ಸಿಂದಗಿ ಕಡೆ ಕೆಲಸವಿದ್ದರೆ ಹಿಂದಿನ ದಿನವೇ ಬಂದು ತಂಗಿಯ ಮನೆಯಲ್ಲಿ ಉಳಿಯುತ್ತಾರೆ. ಮುದ್ದೇಬಿಹಾಳದಲ್ಲಿ ಒಬ್ಬರು ಬೈದು ಕಳಿಸಿದ್ದಾರೆ. ಇಂಡಿ ಕಡೆ ಚನ್ನಬಸಯ್ಯ ಎಂಬ ಹಿರಿಯರು ಪೂರ್ತಿ ಕೇಳಿಸಿಕೊಂಡು, ಸುಳ್ಳು ಹೇಳಿದವರು ತಿರುಗಿ ಬಂದದ್ದನ್ನು ತಾವು ಇದೇ ಮೊದಲು ನೋಡುತ್ತಿರುವುದಾಗಿ ಹೇಳಿ ಊಟ ಹಾಕಿದ್ದಾರೆ. ಬರೀ ಸುಳ್ಳು ಎಂದರೆ ಸಾಲದು ಎಂದು ಹತ್ತು ಮನೆ ತಿರುಗುವುದರೊಳಗೆ ರೋಷನಬಿಗೆ ತಿಳಿದಿತ್ತು. ಹಾಗಾಗಿ ಆಯಾ ಊರಿನ ಫಿಲ್ಟರ್ ಘಟಕದ ಗೋಡೆಗೆ ಅಂಟಿಸಿದ ನೀರಿನ ಪರೀಕ್ಷೆಯ ಹಾಳೆ ತೋರಿಸುತ್ತಾರೆ, ಮೊಣಕಾಲಿಗೆ ಯಾವ ವಾರ ಯಾವ ಡಾಕ್ಟರ್ ಸಿಗುತ್ತಾರೆ ಎಂದು ವಿಚಾರಿಸಿಕೊಂಡು ಹೋಗಿ ಹೇಳುತ್ತಾರೆ. ದಾರಿ ತೋರಿಸುವ ಸುದ್ದಿಗೆ ಬೆಲೆ ಎಷ್ಟು ಎಂಬ ಸಂಶೋಧನೆಗೆ ಉತ್ತರ ಅವರ ನೋಟ್‌ಬುಕ್ಕಿನಲ್ಲೇ ಇದೆ, ಕೇಳುವವರಿಲ್ಲ.

ಕಲ್ಮೇಶರ ಮನೆಯಿಂದ ಅವರು ನೇರ ಮಾಬುಬಿಯ ಮನೆಗೆ ನಡೆಯುತ್ತಾರೆ. ಇದು ನಾಲ್ಕನೇ ಸಲ. ಹಿಂದಿನ ಮೂರು ಸಲವೂ ಮಾಬುಬಿ ಒಂದೇ ಮಾತು ಕೇಳಿದ್ದಾರೆ: ಆವತ್ತು ಹೇಳಿದ್ದು ಸುಳ್ಳಾದರೆ ಇವತ್ತಿನದು ಖರೇ ಎಂದು ಹೇಗೆ ನಂಬಲಿ? ಇವತ್ತೂ ಅದೇ ಪ್ರಶ್ನೆ. ರೋಷನಬಿ ವಾದಿಸುವುದಿಲ್ಲ. ನನ್ನನ್ನು ನಂಬಬೇಡಿ, ಹಾಳೆ ಓದುವವರನ್ನು ನೀವೇ ಕರೆದುಕೊಂಡು ಬಂದು ಓದಿಸಿ ಎನ್ನುತ್ತಾರೆ. ಆಗ ಮಾಬುಬಿಯ ನಿಜವಾದ ತೊಡಕು ಹೊರಬರುತ್ತದೆ.

“ಹಾಳಿ ಮೊನ್ನೆನs ಓದ್ಸೇನಿ. ಆದ್ರ ನಾಕ ಮನೀಗೆ ನಾನs ಹೇಳೇನಲ್ಲ. ಈಗ ಯಾವ ಮಾರಿ ಇಟ್ಕೊಂಡು ಹೋಗ್ಲಿ?”

“ನನ್ನ ಮಾರಿ ಐತಿ, ನಡೀರಿ ಖಾಲಾ. ರೋಷನಬಿ ನನಗ ಸುಳ್ಳ ಹೇಳಿದ್ಲು ಅನ್ರಿ. ನಾ ಬಾಜೂಕ ನಿಂತಿರ್ತೇನಿ.”

ಇಬ್ಬರೂ ಓಣಿಗೆ ಇಳಿಯುತ್ತಾರೆ. ಮಾಬುಬಿಯ ಮೊಣಕಾಲಿಗೆ ತಕ್ಕಂತೆ ನಿಧಾನ ನಡೆಯುತ್ತಾರೆ. ಮೊದಲ ಮನೆಯವರು ತಲೆಯಾಡಿಸುತ್ತಾರೆ, ಎರಡನೆಯವರು ನಗುತ್ತಾರೆ, ಮೂರನೆಯವರು ಚಹಾ ಕುಡಿದು ಹೋಗಿ ಎನ್ನುತ್ತಾರೆ. ನಾಲ್ಕನೆಯದು ತಿಪ್ಪವ್ವನ ಮನೆ. ಆಕೆ ಸೊಂಟಕ್ಕೆ ಕೈಯಿಟ್ಟು ಎಲ್ಲವನ್ನೂ ಕೇಳುತ್ತಾರೆ. ಬೋರಿನ ನೀರು ಹೊತ್ತು ತಂದ ಇಷ್ಟು ತಿಂಗಳ ಸಿಟ್ಟೂ ಆ ಮುಖದಲ್ಲಿದೆ. ಇನ್ನು ಮುಂದೆ ನೀನು ಏನು ಓದಿ ಹೇಳಿದರೂ ಈ ಓಣಿಯಲ್ಲಿ ಯಾರೂ ನಂಬುವುದಿಲ್ಲ, ಹತ್ತು ಪ್ರಶ್ನೆ ಕೇಳಿಯೇ ಒಳಗೆ ಬಿಡುತ್ತೇವೆ ಎಂದು ರೋಷನಬಿಯ ಮುಖಕ್ಕೇ ಹೇಳುತ್ತಾರೆ. ಸಮೀಕ್ಷೆಯವರಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ನಂಬಿ ಬಾಗಿಲು ತೆರೆಯುವ ಜನರಿಂದಲೇ ಅವರ ಅನ್ನ.

ರೋಷನಬಿ ತಲೆ ತಗ್ಗಿಸುವುದಿಲ್ಲ. ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿ, ಸೆರಗು ಸರಿಮಾಡಿಕೊಂಡು ಹೇಳುತ್ತಾರೆ:

“ಹದಿನಾಕ ವರ್ಷ ಮಂದೀಗೆ ನಾನs ಪ್ರಶ್ನಿ ಕೇಳೇನ್ರಿ ಯವ್ವಾ. ನನಗ ಯಾರೂ ತಿರುಗಿ ಒಂದೂ ಕೇಳಿರಲಿಲ್ಲ. ನೀವು ಕೇಳ್ರಿ. ಹತ್ತಲ್ಲ, ನೂರ ಕೇಳ್ರಿ. ಬಿಸಲಾಗಲಿ, ಮಳಿಯಾಗಲಿ, ಬಾಗಲಾಗ ನಿಂತು ಎಲ್ಲಾಕ್ಕೂ ಉತ್ತರ ಕೊಟ್ಟs ಒಳಗ ಬರ್ತೇನಿ.”